ಪಂಚಾಯಿತಿ ಲೈಬ್ರರಿಯಲ್ಲಿ ಮಾಹಿತಿ ಸಾಕ್ಷರತೆ ಕ್ಲಾಸ್: ಕೊಡಗಿಗೆ ಹೊಂದೋ ಹಾಗೆ ಹೇಗೆ ಮಾಡೋಣ?

ಲೈಬ್ರರಿ ಅಕ್ಕ (ಮಡಿಕೇರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಈಗ ಬೋರ್ಡ್ ಮೇಲೆ ‘ಅರಿವು ಕೇಂದ್ರ’ ಅಂತ ಇದೆ. ಊರವರು ಮಾತ್ರ ಲೈಬ್ರರಿ ಅಂತಲೇ ಕರೆಯುತ್ತಾರೆ. ಬೆಳಿಗ್ಗೆ ಪೇಪರ್ ಓದೋಕೆ ಹಿರಿಯರು ಬರುತ್ತಾರೆ. ಮಧ್ಯಾಹ್ನ ಕೆಲಸದ ಪರೀಕ್ಷೆಗೆ ಓದುವವರು. ಶಾಲೆ ಬಿಟ್ಟ ಮೇಲೆ ಮಕ್ಕಳು.

ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಅಕ್ಟೋಬರ್ 24ರಿಂದ 31ರವರೆಗೆ ಯುನೆಸ್ಕೋದವರು ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆಯ ಜಾಗತಿಕ ಸಪ್ತಾಹ ನಡೆಸುತ್ತಾರೆ. 2021ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಇದನ್ನು ಘೋಷಿಸಿದೆ. ಹೆಸರು ದೊಡ್ಡದು, ವಿಷಯ ಸರಳ. ನನಗೆ ಏನು ಗೊತ್ತಾಗಬೇಕು, ಅದು ಎಲ್ಲಿ ಸಿಗುತ್ತೆ, ಸಿಕ್ಕಿದ್ದು ನಂಬೋಹಾಗಿದೆಯಾ, ಅದನ್ನು ಹೇಗೆ ಬಳಸಬೇಕು. ಇಷ್ಟೇ.

ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ 2017ರಲ್ಲಿ ಒಂದು ಪೋಸ್ಟರ್ ಮಾಡಿದೆ. ಸುಳ್ಳು ಸುದ್ದಿ ಗುರುತಿಸೋಕೆ ಎಂಟು ಹೆಜ್ಜೆ. ಎಲ್ಲಿಂದ ಬಂತು ನೋಡು, ತಲೆಬರಹ ದಾಟಿ ಓದು, ಬರೆದವರು ಯಾರು, ತಾರೀಖು ಯಾವುದು, ಇದು ತಮಾಷೆಗೆ ಬರೆದದ್ದಾ, ಹೀಗೆ. ಅದನ್ನು ಗೋಡೆಗೆ ಅಂಟಿಸಿ, ಒಂದು ದಿನ ಯಾರನ್ನಾದರೂ ಕರೆಸಿ ಮಾತಾಡಿಸಿ, ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಡೋಣ ಅಂದುಕೊಂಡಿದ್ದೇನೆ. ದುಡ್ಡು ಅಂತ ಏನೂ ಇಲ್ಲ. ಪಿಡಿಒ ಸರ್ ಕಾಫಿ ಬಿಸ್ಕತ್ತಿಗೆ ಒಪ್ಪಿದ್ದಾರೆ. ನಿಮ್ಮ ಸಲಹೆ ಹೇಳಿ.

ಕೇಳಿ ನೋಡೋಣ (ಪೊನ್ನಂಪೇಟೆ)

ಮೇಡಂ, ಬೇಜಾರು ಮಾಡ್ಕೋಬೇಡಿ. ಭಾಷಣ, ಪ್ರಬಂಧ, ಗ್ರೂಪ್ ಫೋಟೋ. ಆ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋಗುತ್ತೆ. ಅದರ ಕೆಳಗೇ ‘ಬೆಳ್ಳುಳ್ಳಿ ನೀರು ಕುಡಿದರೆ ಹೃದಯದ ಬ್ಲಾಕ್ ಕರಗುತ್ತೆ’ ಅಂತ ಇನ್ನೊಂದು ಬರುತ್ತೆ. ಎರಡಕ್ಕೂ ಅದೇ ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ. ಎಂಟು ಹೆಜ್ಜೆ ಯಾರಿಗೆ ನೆನಪಿರುತ್ತೆ?

ಹಿಂದಿನ ಬೆಂಚಿನ ಮೇಷ್ಟ್ರು (ಸೋಮವಾರಪೇಟೆ)

ಭಾಷಣ ಬೇಡ ಅನ್ನೋದು ಸರಿ. ಆದರೆ ಮಕ್ಕಳಿಗೆ ಇದು ಬರಲ್ಲ ಅನ್ನೋದನ್ನು ಒಪ್ಪಲ್ಲ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳು ಅತಿ ಹೆಚ್ಚು ಕಾಯುವ ಸರ್ಕಾರಿ ಕಾಗದ ಯಾವುದು? ಮಳೆ ರಜೆಯ ಆದೇಶ. ಹಳೇ ಆದೇಶದ ತಾರೀಖು ತಿದ್ದಿ ಗುಂಪಿಗೆ ಬಿಡುವ ಪುಣ್ಯಾತ್ಮರು ಪ್ರತಿ ಮಳೆಗಾಲ ಹುಟ್ಟುತ್ತಾರೆ.

ನಾನು ಅದನ್ನೇ ಪಾಠ ಮಾಡಿದೆ. ಅಸಲಿ ಒಂದು, ತಿದ್ದಿದ್ದು ಒಂದು, ಎರಡರದ್ದೂ ಪ್ರಿಂಟ್ ತೆಗೆದು ಬೆಂಚಿಗೊಂದರಂತೆ ಕೊಟ್ಟೆ. ಯಾವುದು ಯಾವುದು ಅಂತ ಹೇಳಲಿಲ್ಲ. ಒಬ್ಬಳು ಮೊದಲು ವಾರ ನೋಡಿದಳು. ತಾರೀಖು ಗುರುವಾರದ್ದು, ಪಕ್ಕದಲ್ಲಿ ಬುಧವಾರ ಅಂತ ಇತ್ತು. ಇನ್ನೊಬ್ಬ ಅಂಕಿಯ ಸುತ್ತ ಮಾತ್ರ ಕಾಗದ ಜಾಸ್ತಿ ಬೆಳ್ಳಗಿದೆ ಅಂತ ಬೆರಳಿಟ್ಟು ತೋರಿಸಿದ. ಕೊನೆಯ ಬೆಂಚಿನವನೊಬ್ಬ ಇದ್ದಾನೆ, ಗಣಿತದಲ್ಲಿ ಪಾಸಾಗೋದೇ ಕಷ್ಟ. ಅವನು ಎದ್ದು ನಿಂತು, ‘ಸರ್, ಮೇಲೆ ಪಿಯು ಕಾಲೇಜಿಗೂ ರಜೆ ಅಂತ ಇದೆ, ಕೆಳಗೆ ಪ್ರತಿ ಕಳಿಸಿದವರ ಪಟ್ಟಿಯಲ್ಲಿ ಪಿಯು ಇಲಾಖೆಯೇ ಇಲ್ಲವಲ್ಲ’ ಅಂದ. ನನಗೇ ಅದು ಕಂಡಿರಲಿಲ್ಲ.

ತಮಗೆ ಬೇಕಾದ ಕಾಗದ ಆದರೆ ಮಕ್ಕಳು ಅದನ್ನು ಅಕ್ಷರ ಅಕ್ಷರ ಓದುತ್ತಾರೆ. ಪೋಸ್ಟರ್‌ನಿಂದ ಶುರು ಮಾಡಬೇಡಿ. ಅವರ ಕೈಗೆ ಕಾಗದ ಕೊಡಿ.

ಪುಸ್ತಕದ ಹುಳು (ಮೈಸೂರು, ಮನೆ ವಿರಾಜಪೇಟೆ)

ನಾನು ಗ್ರಂಥಾಲಯ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಲೈಬ್ರರಿ ಅಕ್ಕ, ಒಂದು ದಿನದ ಕಾರ್ಯಕ್ರಮ ಬಿಡಿ ಅಂತ ನಾನೂ ಹೇಳುತ್ತೇನೆ. ಸುಮ್ನೆ ಹೇಳ್ತಿಲ್ಲ, ಬಿಹಾರದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ.

ಮೊದಲನೆಯದು 2019ರ ಲೋಕಸಭಾ ಚುನಾವಣೆಯ ಹೊತ್ತಿನದು. ಸುಮಿತ್ರಾ ಬದ್ರಿನಾಥನ್ ಅನ್ನುವ ರಾಜ್ಯಶಾಸ್ತ್ರಜ್ಞೆ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ್ದು. ಮನೆಗೇ ಹೋಗಿ, ಸುಮಾರು ಒಂದು ಗಂಟೆ ಕೂತು, ಫೋಟೋ ಹುಡುಕೋದು ಹೇಗೆ, ಸುಳ್ಳು ಪತ್ತೆ ಮಾಡೋದು ಹೇಗೆ ಅಂತ ಹೇಳಿಕೊಟ್ಟರು. ಆಮೇಲೆ ನೋಡಿದರೆ ಕಲಿತವರಿಗೂ ಕಲಿಯದವರಿಗೂ ಒಟ್ಟಾರೆ ವ್ಯತ್ಯಾಸವೇ ಇಲ್ಲ.

ಎರಡನೆಯದು ಅದೇ ರಾಜ್ಯದಲ್ಲಿ, ಅವರೂ ಅವರ ಜೊತೆಗಾರರೂ ಸೇರಿ ಮಾಡಿದ್ದು. ಈ ಸಲ ನಡೆದದ್ದು ನಮ್ಮ ಅರಿವು ಕೇಂದ್ರದಂಥ ಹಳ್ಳಿ ಲೈಬ್ರರಿಗಳಲ್ಲಿ. ಅಲ್ಲಿನ ಸರ್ಕಾರದ ಜೀವಿಕಾ ಯೋಜನೆಯ ಲೈಬ್ರರಿಗಳು. 583 ಹಳ್ಳಿ, 13,500ಕ್ಕೂ ಹೆಚ್ಚು ಹೈಸ್ಕೂಲು ಮತ್ತು ಪಿಯು ವಯಸ್ಸಿನ ಮಕ್ಕಳು. ಒಂದಷ್ಟು ಹಳ್ಳಿಗಳಲ್ಲಿ ಮಾಹಿತಿ ಸಾಕ್ಷರತೆಯ ಪಾಠ, ಉಳಿದ ಕಡೆ ಇಂಗ್ಲಿಷ್ ಪಾಠ. ದಿನಾ ಅಲ್ಲ, 14 ವಾರದಲ್ಲಿ ನಾಲ್ಕೇ ಕ್ಲಾಸ್. ಮಧ್ಯೆ ಮನೆಯಲ್ಲಿ ಮಾಡೋಕೆ ಕೆಲಸ. ಸುಳ್ಳು ನಿಜ ಬೇರ್ಪಡಿಸೋದರಲ್ಲಿ ಮೊದಲ ಗುಂಪಿನ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದರು. ನಾಲ್ಕು ತಿಂಗಳ ನಂತರ ಕೇಳಿದಾಗಲೂ ಅದು ಉಳಿದಿತ್ತು. ನನಗೆ ಇಷ್ಟ ಆಗಿದ್ದು ಕೊನೆಯ ಸಂಗತಿ: ಕ್ಲಾಸಿಗೆ ಬಾರದ ಅಪ್ಪ ಅಮ್ಮಂದಿರೂ ಸುಧಾರಿಸಿದ್ದರು.

ಕೇಳಿ ನೋಡೋಣ

ಇದು ಕೇಳೋ ಮಾತು. ಆ ಇಂಗ್ಲಿಷ್ ಪಾಠದವರಿಗೆ ಇಂಗ್ಲಿಷ್ ಬಂತಾ?

ಪುಸ್ತಕದ ಹುಳು

ಅದನ್ನು ಅವರನ್ನೇ ಕೇಳಬೇಕು ಅಣ್ಣ.

ಇಂಚು ಸೆಂಟು (ಭಾಗಮಂಡಲ ಕಡೆ)

ನಾನು ಹಳೇ ಕಾಲದವನು. ಮಗಳು ಇದನ್ನೆಲ್ಲ ಫೋನಿನಲ್ಲಿ ಹಾಕಿಕೊಟ್ಟಿದ್ದಾಳೆ.

ನಮ್ಮ ಕಡೆ ತೋಟ ಇರುವವರ ಮನೆಗಳಲ್ಲಿ ಮಳೆ ಅಳೆಯುವ ಡಬ್ಬ ಇರುತ್ತೆ. ದಿನಾ ಬೆಳಿಗ್ಗೆ ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಅಂತ ಡೈರಿಯಲ್ಲಿ ಬರೆಯುತ್ತೇವೆ. ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ನಮ್ಮಪ್ಪ ಬರೆದ ಪುಸ್ತಕಗಳು ಈಗಲೂ ಅಟ್ಟದಲ್ಲಿವೆ. ಪಕ್ಕದ ತೋಟದವನು ‘ನಿನ್ನೆ ನಮಗೆ ಒಂಬತ್ತು ಇಂಚು’ ಅಂದರೆ ಯಾರೂ ಹಾಗೇ ಒಪ್ಪಲ್ಲ. ಎಷ್ಟು ಗಂಟೆಗೆ ಅಳೆದೆ, ಎರಡು ದಿನದ್ದು ಸೇರಿಸಿದೆಯಾ, ಡಬ್ಬ ಮರದ ಕೆಳಗಿದೆಯಾ ಅಂತ ಕೇಳುತ್ತೇವೆ. ಅದೇ ಜನ ಫೋನಿನಲ್ಲಿ ‘ನಾಸಾ ಹೇಳಿದೆ’ ಅಂತ ಬಂದರೆ ಏನೂ ಕೇಳದೆ ಮುಂದಕ್ಕೆ ತಳ್ಳುತ್ತಾರೆ. ಇದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಇನ್ನೊಂದು. ರೆಡ್ ಅಲರ್ಟ್ ಅಂದರೆ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು? ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರ್‌ನಲ್ಲಿ. ರೆಡ್ ಅಂದರೆ ಅತ್ಯಂತ ಭಾರೀ ಮಳೆ, ಒಂದು ದಿನಕ್ಕೆ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ. ಅದನ್ನು 25.4ರಿಂದ ಭಾಗಿಸಿದರೆ ಎಂಟು ಇಂಚು ಐದು ಸೆಂಟು. ಇಂಚಿನಲ್ಲಿ ಹೇಳಿದ ಕೂಡಲೇ ನಮ್ಮ ಓಣಿಯ ಮುದುಕರಿಗೂ ಎದೆ ಝಲ್ ಅನ್ನುತ್ತೆ. ಆರೆಂಜ್ ಅಂದರೆ ನಾಲ್ಕೂವರೆ ಇಂಚಿನಿಂದ ಎಂಟರವರೆಗೆ. ಹಳದಿ ಎರಡೂವರೆಯಿಂದ ನಾಲ್ಕೂವರೆ. ಇದನ್ನು ಗೋಡೆಗೆ ಬರೆಯಮ್ಮ, ಪೋಸ್ಟರ್ ಆಮೇಲೆ.

ಹಾರಂಗಿ ದಂಡೆ (ಕುಶಾಲನಗರ)

ಅಜ್ಜಯ್ಯ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. 2018ರ ಆಗಸ್ಟ್ ನೆನಪಿದೆಯಾ? ಆ ಕಡೆ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡ ಜಾರುತ್ತಿದೆ. ಈ ಕಡೆ ನಮ್ಮ ಬಡಾವಣೆಗಳಿಗೆ ನೀರು ನುಗ್ಗಿದೆ. ಅಂಥ ಹೊತ್ತಿಗೆ ಒಂದು ಧ್ವನಿ ಮೆಸೇಜ್ ಬಂತು: ‘ಹಾರಂಗಿ ಡ್ಯಾಂ ಬಿರುಕು ಬಿಟ್ಟಿದೆ, ಎಲ್ಲರೂ ಓಡಿ.’ ಮಳೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ಜನ ರಸ್ತೆಗೆ ಬಂದರು. ಡ್ಯಾಂಗೆ ಏನೂ ಆಗಿರಲಿಲ್ಲ.

ಈಗ ನನ್ನ ಅಂಗಡಿಗೆ ಬರೋ ಹುಡುಗರಿಗೆ ಒಂದು ಕೆಲಸ ಹೇಳಿಕೊಟ್ಟಿದ್ದೇನೆ. ಪೇಪರಿನಲ್ಲಿ ದಿನಾ ಬರುವ ಜಲಾಶಯದ ಮಟ್ಟ ಓದೋದು. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಹೊರಹರಿವು ಏಕ್‌ದಂ ಏರಿದರೆ ಗೇಟ್ ಎತ್ತಿದ್ದಾರೆ ಅಂತ ಅರ್ಥ, ಒಡೆದಿದೆ ಅಂತಲ್ಲ. ಆದರೆ ಹೊಳೆ ಪಕ್ಕದವರು ಏಳಬೇಕಾದ್ದು ಆಗಲೇ. ಇಷ್ಟು ಗೊತ್ತಿದ್ದರೆ ಧ್ವನಿ ಮೆಸೇಜ್ ಕೇಳಿದವನು ಮೊದಲು ಅಂಕಿ ಕೇಳುತ್ತಾನೆ.

ಆ ವರ್ಷದ್ದೇ ಒಂದು ವೀಡಿಯೋ ಇದೆ, ಎರಡಂತಸ್ತಿನ ಮನೆ ಗುಡ್ಡದಿಂದ ಜಾರಿ ಬೀಳೋದು. ಆಮೇಲೆ ಎಲ್ಲಿ ಗುಡ್ಡ ಕುಸಿದರೂ ಅದು ‘ಈಗ ತಾನೇ ನಡೆದದ್ದು’ ಅಂತ ನಮ್ಮ ಗುಂಪಿಗೇ ವಾಪಸ್ ಬರುತ್ತೆ. ನಮ್ಮೂರಿನ ಕಷ್ಟ ನಮಗೇ ಬೇರೆ ಊರಿನದ್ದು ಅಂತ ಕಳಿಸುತ್ತಾರೆ ಮಾರಾಯ್ರೆ.

ಗಾಜಿನ ಲೋಟ (ಸಂಪಾಜೆ)

2022ರ ಜೂನ್ ಕೊನೆಗೆ ಚೆಂಬು, ಕರಿಕೆ, ನಮ್ಮ ಕಡೆಯೆಲ್ಲ ನೆಲ ನಡುಗಿತು. ಪಾತ್ರೆ ಅಲುಗಿದ್ದು ನಿಜ, ಸದ್ದು ಕೇಳಿದ್ದೂ ನಿಜ. ಅದರ ಹಿಂದೆಯೇ ‘ಇವತ್ತು ರಾತ್ರಿ ಇದಕ್ಕಿಂತ ದೊಡ್ಡದು’ ಅಂತ ಗಂಟೆ ಸಮೇತ ಬಂತು. ಯಾವ ದಿನ, ಎಷ್ಟು ಗಂಟೆಗೆ ಭೂಕಂಪ ಅಂತ ಮೊದಲೇ ಹೇಳೋಕೆ ಪ್ರಪಂಚದ ಯಾವ ವಿಜ್ಞಾನಿಗೂ ಇವತ್ತಿನವರೆಗೆ ಆಗಿಲ್ಲ. ಆ ಒಂದು ಸಂಗತಿ ಗೊತ್ತಿದ್ದರೆ ಹೆಜ್ಜೆ ಎಂಟೂ ಬೇಡ, ಗಂಟೆ ಹಾಕಿದ ಕೂಡಲೇ ಸುಳ್ಳು ಅಂತ ಗೊತ್ತಾಗುತ್ತೆ. ಆದರೆ ಆ ರಾತ್ರಿ ನಾನೂ ಅಂಗಳದಲ್ಲೇ ಕೂತಿದ್ದೆ. ಮನೆಯವರು ಒಳಗೆ ಬಿಡಬೇಕಲ್ಲ!

ಕೇಳಿ ನೋಡೋಣ

ಎಲ್ಲರೂ ಓದುವವನಿಗೇ ಬುದ್ಧಿ ಹೇಳುತ್ತಿದ್ದೀರಿ. ತಾರೀಖು ನೋಡು, ಅಂಕಿ ನೋಡು, ಮೂಲ ನೋಡು. ಸರಿ. ಮೂಲ ನೋಡೋಕೆ ಹೋದರೆ ಅಲ್ಲಿ ಏನಿರುತ್ತೆ?

ನಮ್ಮ ಜಿಲ್ಲೆಯ ದೊಡ್ಡ ಉದಾಹರಣೆ ತಗೊಳ್ಳಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ. ಕೇಂದ್ರ ಸರ್ಕಾರ ಆರನೇ ಸಲ ಹೊರಡಿಸಿದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಕೊಡಗಿನ 55 ಹಳ್ಳಿ ಅದರಲ್ಲಿವೆ. ಆಕ್ಷೇಪಣೆಗೆ 60 ದಿನ. ಆ 60 ದಿನದಲ್ಲಿ ನನ್ನ ಫೋನಿಗೆ ಬಂದದ್ದು ಏನು? ‘ತೋಟಕ್ಕೆ ಗೊಬ್ಬರ ಹಾಕೋ ಹಾಗಿಲ್ಲ’, ‘ಮನೆಗೆ ಹೆಂಚು ಬದಲಿಸೋ ಹಾಗಿಲ್ಲ’, ‘ಜಮೀನು ಸರ್ಕಾರದ್ದಾಗುತ್ತೆ’. ನಾನು ಹಠ ಹಿಡಿದು ಕರಡನ್ನೇ ಹುಡುಕಿದೆ. ಹಿಂದಿ ಮತ್ತು ಇಂಗ್ಲಿಷ್‌ನ ಗೆಜೆಟ್. ಪೂರ್ತಿ ನಿಷೇಧ ಅಂತ ಅದರಲ್ಲಿ ಮುಖ್ಯವಾಗಿ ಇದ್ದದ್ದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯೋದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಜಾಸ್ತಿ ಮಾಲಿನ್ಯ ಮಾಡುವ) ಕೈಗಾರಿಕೆ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ. ನಮ್ಮ ಹೆಂಚಿನ ಮನೆ ಎಲ್ಲಿ, 20,000 ಚದರ ಮೀಟರ್ ಎಲ್ಲಿ?

ಕರಡು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ವಿರೋಧಿಸುವವರಿಗೆ ಅವರದೇ ಕಾರಣ ಇರಬಹುದು. ಆದರೆ ಇದ್ದದ್ದನ್ನು ಓದಿ ವಿರೋಧಿಸಬೇಕು, ಅಲ್ವಾ? ಓದೋಕೆ ಆಗದ ಭಾಷೆಯಲ್ಲಿ ಕೊಟ್ಟು, ಆಮೇಲೆ ಜನ ಗಾಳಿಸುದ್ದಿ ನಂಬುತ್ತಾರೆ ಅಂತ ದೂರಿದರೆ? ಸುಳ್ಳು ಮೊದಲ ದಿನವೇ ಕನ್ನಡದಲ್ಲಿ ಬಂದಿತ್ತು, ಕೊಡವ ತಕ್ಕಿನಲ್ಲೂ ಬಂದಿತ್ತು, ಅದೂ ಗುರುತಿನವರ ದನಿಯಲ್ಲಿ. ನಿಜ ಪಿಡಿಎಫ್‌ನಲ್ಲಿ ಕೂತಿತ್ತು. ನಮ್ಮ ಸಮಸ್ಯೆ ಇದು. ಜನ ಪೆದ್ದರು ಅನ್ನೋದಲ್ಲ.

ಪುಸ್ತಕದ ಹುಳು

ಅಣ್ಣ, ಕೈಕೊಡಿ. ಇಡೀ ಜಗತ್ತಿನ ಚರ್ಚೆಯಲ್ಲಿ ಕಡಿಮೆ ಕೇಳಿಸೋ ಮಾತು ಇದು. ‘ಮಾಹಿತಿ ಸಾಕ್ಷರತೆ’ ಅನ್ನೋ ಪದ ಶುರುವಾದದ್ದೇ 1974ರಲ್ಲಿ, ಅಮೆರಿಕದ ಪಾಲ್ ಜುರ್ಕೌಸ್ಕಿ ಅನ್ನುವವರಿಂದ. ಅವರು ಮಾಹಿತಿ ಉದ್ಯಮದ ಸಂಘದ ಅಧ್ಯಕ್ಷರು. ಕೆಲಸಗಾರರು ಮಾಹಿತಿ ಬಳಸೋಕೆ ತರಬೇತಾಗಬೇಕು ಅನ್ನೋದು ಅವರ ಕಾಳಜಿ. ಆಮೇಲೆ 2003ರಲ್ಲಿ ಪ್ರಾಗ್ ಘೋಷಣೆ, 2005ರಲ್ಲಿ ಅಲೆಕ್ಸಾಂಡ್ರಿಯಾ ಘೋಷಣೆ ಬಂತು. ಅಲೆಕ್ಸಾಂಡ್ರಿಯಾದಲ್ಲಿ ಇದು ಡಿಜಿಟಲ್ ಜಗತ್ತಿನ ಮೂಲಭೂತ ಮಾನವ ಹಕ್ಕು ಅಂತಲೇ ಹೇಳಿದರು. ಹಕ್ಕು ಅಂದ ಮೇಲೆ ಕೊಡಬೇಕಾದವರೂ ಒಬ್ಬರು ಇರಬೇಕು.

ನಮ್ಮ ಕಾನೂನಿನಲ್ಲೇ ಅದಕ್ಕೆ ಜಾಗ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(4) ನೋಡಿ. ಸರ್ಕಾರಿ ಕಚೇರಿಗಳು ತಾವಾಗಿ ಕೊಡಬೇಕಾದ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನೂ, ಆ ಊರಿಗೆ ತಲುಪುವ ದಾರಿಯನ್ನೂ ಗಮನದಲ್ಲಿಟ್ಟು ಹಂಚಬೇಕು ಅಂತ ಇದೆ. 2020ರ ಜೂನ್ 30ರಂದು ದೆಹಲಿ ಹೈಕೋರ್ಟ್ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ ಅಂತ ಹೇಳಿತು. ಕನ್ನಡ ಆ 22ರಲ್ಲಿದೆ. ಕೊಡವ, ತುಳು ಇಲ್ಲ. ಅರೆಭಾಷೆ, ಯರವ ಭಾಷೆಗಳ ಮಾತು ಬಿಡಿ.

ಲೈಬ್ರರಿ ಅಕ್ಕ

ಯುನೆಸ್ಕೋ ಹೆಸರು ಎತ್ತಿದ್ದಕ್ಕೆ ನಮ್ಮ ಲೈಬ್ರರಿಯಲ್ಲೇ ಒಬ್ಬರು ಜಗಳಕ್ಕೆ ಬಂದರು ಅಂತ ಹೇಳಿದರೆ ನಗುತ್ತೀರಿ. 2012ರಲ್ಲಿ ಪಶ್ಚಿಮ ಘಟ್ಟ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳೂ ಸೇರಿದ್ದವು. ಆಗಿನಿಂದ ಅವರಿಗೆ ಯುನೆಸ್ಕೋ ಅಂದರೆ ತೋಟ ಕಿತ್ತುಕೊಳ್ಳುವ ಕಂಪನಿ. ಇನ್ನೊಬ್ಬರಿಗೆ ಯುನೆಸ್ಕೋ ಮೇಲೆ ಅಪಾರ ಪ್ರೀತಿ, ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆಯಂತೆ. ಅಂಥ ಘೋಷಣೆ ಮಾಡಿಲ್ಲ ಅಂತ ಯುನೆಸ್ಕೋದವರೇ ಹೇಳಿ ಎಷ್ಟೋ ವರ್ಷ ಆಯಿತು. ಆ ಮೆಸೇಜ್‌ಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

‘ಕೇಳಿ ನೋಡೋಣ’ ಹೇಳಿದ್ದು ನನ್ನ ಯೋಚನೆ ಬದಲಿಸಿತು. ಲೈಬ್ರರಿಯಲ್ಲಿ ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ. ಊರಿಗೆ ಸಂಬಂಧಪಟ್ಟ ಒಂದು ಕಾಗದ ಬಂದರೆ ಅದನ್ನು ತೆಗೆದು, ಒಂದು ಪುಟ ಕನ್ನಡದಲ್ಲಿ ಬರೆದು, ಮೂಲದ ಜೊತೆಗೇ ಬೋರ್ಡಿಗೆ ಹಾಕಿದರೆ? ಅದನ್ನು ಪಿಯು ಮಕ್ಕಳೇ ಮಾಡಿದರೆ?

ಗೋಣಿಚೀಲ (ಗೋಣಿಕೊಪ್ಪಲು)

ಅಕ್ಕ, ಮೊದಲ ಪುಟ ಕಾಫಿ ರೇಟಿನದ್ದೇ ಇರಲಿ. ನಾನು ಕಾಫಿ ವ್ಯಾಪಾರದವನು, ನನ್ನ ಹೊಟ್ಟೆ ಮೇಲೇ ಹೊಡೆದುಕೊಳ್ಳುತ್ತಿದ್ದೇನೆ ಅಂದುಕೊಳ್ಳಿ.

ಸಣ್ಣ ಬೆಳೆಗಾರರ ಫೋನಿನಲ್ಲಿ ‘ಅರೇಬಿಕಾ 400 ದಾಟಿತು’ ಅಂತ ಸ್ಕ್ರೀನ್‌ಶಾಟ್ ಓಡಾಡುತ್ತೆ. 2025ರ ಫೆಬ್ರವರಿಯಲ್ಲಿ ನಿಜವಾಗಿಯೂ ದಾಟಿತ್ತು. ಆದರೆ 400 ಏನು? ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಒಂದು ಪೌಂಡ್ ಬೀಜಕ್ಕೆ ಅಮೆರಿಕದ 400 ಸೆಂಟ್. ರೋಬಸ್ಟಾ ಲಂಡನ್‌ನಲ್ಲಿ, ಅಲ್ಲಿ ಟನ್‌ಗೆ ಡಾಲರ್ ಲೆಕ್ಕ. ನಮ್ಮ ಅಂಗಡಿಯಲ್ಲಿ 50 ಕೆ.ಜಿ. ಮೂಟೆ ಲೆಕ್ಕ, ಅದೂ ಸಿಪ್ಪೆ ಸಮೇತ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಬೇರೆ, ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಬೇರೆ. ಮೇಲೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜ) ಎಷ್ಟು ಬರುತ್ತೆ, ತೇವ ಎಷ್ಟಿದೆ ನೋಡಬೇಕು. 50 ಕೆ.ಜಿ. ಅಂದರೆ ಸುಮಾರು 110 ಪೌಂಡ್. ಅದನ್ನು ಸೆಂಟ್‌ಗೆ ಗುಣಿಸಿ, ನೂರರಿಂದ ಭಾಗಿಸಿ, ಆವತ್ತಿನ ರೂಪಾಯಿ ಹಾಕಿದರೆ ಸಿಗೋದು ಶುದ್ಧ ಬೀಜದ ಬೆಲೆ. ಸಿಪ್ಪೆಯ ತೂಕ ಅದರಲ್ಲಿ ಕಳೆಯಬೇಕು.

ಈ ಲೆಕ್ಕ ಬಾರದವನು ಎರಡು ಥರ ಮೋಸ ಹೋಗುತ್ತಾನೆ. ಒಂದು, ಸ್ಕ್ರೀನ್‌ಶಾಟ್ ನಂಬಿ ಇನ್ನೂ ಏರುತ್ತೆ ಅಂತ ಚೀಲ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಇನ್ನೊಂದು, ನಮ್ಮಂಥ ವ್ಯಾಪಾರಿ ‘ನ್ಯೂಯಾರ್ಕ್ ಬಿದ್ದಿದೆ’ ಅಂದರೆ ಒಪ್ಪಿ ಕೊಟ್ಟು ಹೋಗುತ್ತಾನೆ. ಎಲ್ಲಿ ಬಿದ್ದಿದೆ ತೋರಿಸು ಅಂತ ಕೇಳುವ ಬೆಳೆಗಾರರು ಕಮ್ಮಿ. ಕಾಫಿ ಬೋರ್ಡ್‌ನವರು ದಿನದ ಬೆಲೆ ಹಾಕುತ್ತಾರೆ, ಅದನ್ನೂ ನೋಡಲ್ಲ.

ಇಂಚು ಸೆಂಟು

ಗೋಣಿಚೀಲ, ನಿನ್ನ ಅಂಗಡಿ ಎಲ್ಲಿ ಅಂತ ಮಾತ್ರ ಹೇಳಬೇಡಪ್ಪ. ನಾಳೆಯಿಂದ ಕ್ಯೂ ನಿಲ್ಲುತ್ತೆ, ಬಾಕಿ ವ್ಯಾಪಾರಿಗಳದ್ದೂ ಸೇರಿ.

ಪುಟ್ಟ ಬಟ್ಟಲು (ಸಿದ್ದಾಪುರ ಕಡೆ)

ನಾನು ಅಂಗನವಾಡಿ ಟೀಚರ್. ನೀವೆಲ್ಲ ತೋಟ ಇರುವವರ ಮಾತು ಆಡುತ್ತಿದ್ದೀರಿ. ಲೈನ್ ಮನೆಗಳಲ್ಲಿ ಇರುವ ತೋಟದ ಕೆಲಸದವರ ಮಾತು ಯಾರೂ ಎತ್ತಲಿಲ್ಲ.

ನಮ್ಮ ಕಡೆ ಯರವರು, ಕುರುಬರು ಇದ್ದಾರೆ. ಈಗ ಅಸ್ಸಾಂ ಕಡೆಯವರೂ ಜಾಸ್ತಿ. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅಂತ ಮೆಸೇಜ್ ಬಂದರೆ ಜನ ಮೊದಲು ನೋಡೋದು ಯಾರ ಕಡೆಗೆ? ಭಾಷೆ ಬಾರದವರ ಕಡೆಗೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಏನಾಯಿತು ಗೊತ್ತಲ್ಲ. ಹೈದರಾಬಾದ್‌ನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದೇ ಕಾರಣ. ಆ ವರ್ಷ ದೇಶವೆಲ್ಲ ಓಡಾಡಿದ ಅಪಹರಣದ ವೀಡಿಯೋ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಜಾಗೃತಿ ಚಿತ್ರ. ಕೊನೆಗೆ ಬೈಕಿನವರು ಮಗುವನ್ನು ವಾಪಸ್ ಬಿಟ್ಟು ಬೋರ್ಡ್ ತೋರಿಸುತ್ತಾರೆ. ಆ ತುಂಡನ್ನೇ ಕತ್ತರಿಸಿ ಹಾಕಿದ್ದರು. ಅದಾದ ಮೇಲೇ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿದ್ದು.

ಪೋಷಕರ ಸಭೆಯಲ್ಲಿ ನಾನು ಒಂದೇ ಹೇಳೋದು. ಫಾರ್ವರ್ಡ್ ಗುರುತು ಜೋಡಿ ಬಾಣ ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು, ಕಳಿಸಿದವರಿಗೂ ಅದರ ಮೂಲ ಗೊತ್ತಿಲ್ಲ. ಓದು ಬಾರದ ತಾಯಂದಿರಿಗೂ ಬಾಣ ಕಾಣುತ್ತೆ. ನಿಮ್ಮ ಕ್ಲಾಸ್‌ನಲ್ಲಿ ಅಕ್ಷರ ಬಾರದವರಿಗೆ ಏನಿದೆ ಅಕ್ಕ?

ಲೈಬ್ರರಿ ಅಕ್ಕ

ಏನೂ ಇಲ್ಲ ಟೀಚರ್. ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ನಿಮ್ಮ ಪೋಷಕರ ಸಭೆಗೆ ನಾನೇ ಬರಬಹುದಾ? ಕೇಳಿಸೋ ಥರ ಮಾಡೋಣ. ಯರವ ಭಾಷೆ ಬರುವ ಒಬ್ಬ ಹುಡುಗಿ ನಮ್ಮಲ್ಲಿ ಪಿಯು ಓದುತ್ತಿದ್ದಾಳೆ.

ಮಲಗಿದ ಮೇಲೆ ಫೋನ್ (ಬೆಂಗಳೂರು, ಮನೆ ಅಮ್ಮತ್ತಿ)

ಚಿಕ್ಕ ಮಾತು. ನಮ್ಮಂಥವರ ಅಪ್ಪ ಅಮ್ಮ ತೋಟದ ಮನೆಯಲ್ಲಿ ಇಬ್ಬರೇ ಇರುತ್ತಾರೆ. ಅವರಿಗೆ ಸುಳ್ಳು ಸುದ್ದಿಗಿಂತ ಸುಳ್ಳು ಫೋನಿನ ಕಾಟ ಜಾಸ್ತಿ. ‘ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್’ ಅಂತ ಪೊಲೀಸ್ ಬಟ್ಟೆ ಹಾಕಿಕೊಂಡವನು ವೀಡಿಯೋ ಕಾಲ್ ಮಾಡುತ್ತಾನೆ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಈ ಎರಡು ಸಾಲು ದೊಡ್ಡ ಅಕ್ಷರದಲ್ಲಿ ಪೇಪರ್ ಓದುವ ಮೇಜಿನ ಮೇಲೆ ಅಂಟಿಸಿ ಅಕ್ಕ. ನಮ್ಮಪ್ಪ ಕೂರೋದು ಅಂಥ ಮೇಜಿನಲ್ಲೇ.

ಹಿಂದಿನ ಬೆಂಚಿನ ಮೇಷ್ಟ್ರು

ಪುಸ್ತಕದ ಹುಳು, ನಾಲ್ಕು ಕ್ಲಾಸ್ ಅಂದಿರಲ್ಲ, ಒಳಗೆ ಏನು ಹೇಳಿಕೊಡಬೇಕು? ಎಂಟು ಹೆಜ್ಜೆ ನನಗೂ ಜಾಸ್ತಿ ಅನ್ನಿಸುತ್ತೆ.

ಪುಸ್ತಕದ ಹುಳು

ಒಂದೇ ಅಭ್ಯಾಸ ಆರಿಸಿ ಅಂದರೆ ನಾನು ಇದನ್ನು ಆರಿಸುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 45 ಜನರನ್ನು ಕೂರಿಸಿ ಅಪರಿಚಿತ ವೆಬ್‌ಸೈಟ್ ತೋರಿಸಿದರು. ಹತ್ತು ಜನ ಪಿಎಚ್‌.ಡಿ. ಮಾಡಿದ ಇತಿಹಾಸಕಾರರು, 25 ವಿದ್ಯಾರ್ಥಿಗಳು, ಹತ್ತು ಜನ ಸುದ್ದಿ ಪರೀಕ್ಷಿಸುವ ಕೆಲಸದವರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟವನ್ನೇ ಮೇಲಿಂದ ಕೆಳಗೆ ಓದಿದರು. ಚಂದದ ಲೋಗೋ, ಗಂಭೀರ ಭಾಷೆ ನೋಡಿ ಅನೇಕರು ಮೋಸ ಹೋದರು. ಪರೀಕ್ಷಕರು ಮಾತ್ರ ಪುಟ ಪೂರ್ತಿ ಓದಲೇ ಇಲ್ಲ. ತಕ್ಷಣ ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು, ‘ಇವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ’ ಅಂತ ಹುಡುಕಿದರು. ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು.

ನಮ್ಮಲ್ಲಿ ಹೆಣ್ಣು ನೋಡೋಕೆ ಹೋಗುವ ಮೊದಲು ಆ ಮನೆಯವರನ್ನೇ ಕೇಳುತ್ತಾರಾ? ಪಕ್ಕದ ಊರಿನವರನ್ನು ಕೇಳುತ್ತಾರೆ. ಅಷ್ಟೇ.

ಫಿನ್ಲೆಂಡ್‌ನಲ್ಲಿ ಇದಕ್ಕೆ ಬೇರೆ ಪಾಠವೇ ಇಲ್ಲ. 2016ರಿಂದ ಜಾರಿಯಾದ ಪಠ್ಯಕ್ರಮದಲ್ಲಿ ಎಲ್ಲ ವಿಷಯದೊಳಗೂ ಸೇರಿಸಿದ್ದಾರೆ. ಗಣಿತದ ಕ್ಲಾಸ್‌ನಲ್ಲಿ ಅಂಕಿಅಂಶ ಹೇಗೆ ತಿರುಚುತ್ತಾರೆ ಅಂತ ನೋಡಬಹುದು, ಚಿತ್ರಕಲೆಯಲ್ಲಿ ಫೋಟೋ ಹೇಗೆ ಬದಲಿಸುತ್ತಾರೆ ಅಂತ. ಅಷ್ಟು ದೂರ ಬೇಡ ಅಂದರೆ ಮಾಕುಟ್ಟ ಘಾಟಿ ಇಳಿಯಿರಿ. ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಅಲ್ಲಿನ ಜಿಲ್ಲಾಧಿಕಾರಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಅಂತ ಕ್ಲಾಸ್ ಶುರು ಮಾಡಿಸಿದರು. ಹಿಂದಿನ ವರ್ಷ ದಡಾರ ರುಬೆಲ್ಲಾ ಲಸಿಕೆಯ ಬಗ್ಗೆ ವಾಟ್ಸಾಪ್ ಗಾಳಿಸುದ್ದಿ ಕೇಳಿ ಎಷ್ಟೋ ತಂದೆತಾಯಿ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿರಲಿಲ್ಲ. ಅಲ್ಲಿಂದ ಹುಟ್ಟಿದ್ದು ಅದು.

ಕೇಳಿ ನೋಡೋಣ

ಪಕ್ಕದ ಊರಿನವರನ್ನು ಕೇಳೋದು ಸರಿ ತಂಗಿ. ಆದರೆ ಕನ್ನಡದಲ್ಲಿ ಹುಡುಕಿದರೆ ಎಷ್ಟು ಸಲ ಅದೇ ಸುಳ್ಳು ಹತ್ತು ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಎಲ್ಲರೂ ಒಬ್ಬರನ್ನೊಬ್ಬರು ನಕಲು ಹೊಡೆದದ್ದು. ಇಂಗ್ಲಿಷ್‌ನಲ್ಲಿ ಹುಡುಕಿದರೆ ಅದು ಸುಳ್ಳು ಅಂತ ಮೊದಲ ಸಾಲಿನಲ್ಲೇ ಬರುತ್ತೆ. ಹಾಗಾಗಿ ಬೋರ್ಡಿನ ಆ ಕನ್ನಡ ಪುಟವೇ ಕ್ಲಾಸ್ ಆಗಲಿ. ಮಕ್ಕಳು ಹುಡುಕೋದನ್ನೂ ಕಲಿಯುತ್ತಾರೆ, ಕನ್ನಡದಲ್ಲಿ ಒಂದು ಸರಿಯಾದ ಪುಟವೂ ಹುಟ್ಟುತ್ತೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಮ್ಮ ಊರಿನ ಹೊಳೆ, ಗುಡ್ಡದ ಪುಟಗಳಿಗೆ ಆಧಾರ ಸೇರಿಸೋದನ್ನೂ ಮಾಡಿಸಬಹುದು. ಆಧಾರ ಕೊಡದೆ ಬರೆದರೆ ಬೇರೆಯವರು ಅಳಿಸಿ ಹಾಕುತ್ತಾರೆ. ಅದಕ್ಕಿಂತ ಒಳ್ಳೆ ಮೇಷ್ಟ್ರು ಬೇಕಾ?

ಹಾರಂಗಿ ದಂಡೆ

ಬರೀ ತಕರಾರು ಮಾಡೋರು ಅಂದುಕೊಂಡಿದ್ದೆ. ಕೆಲಸ ಹಂಚೋಕೂ ಶುರು ಮಾಡಿದರಲ್ಲ.

ಲೈಬ್ರರಿ ಅಕ್ಕ

ಸರಿ, ಹೀಗೆ ಮಾಡುತ್ತೇನೆ. ಅಕ್ಟೋಬರ್ ಸಪ್ತಾಹದಲ್ಲಿ ಬರೀ ಶುರು. ಭಾಷಣ ಇಲ್ಲ, ಪ್ರಬಂಧ ಇಲ್ಲ. ನಾಲ್ಕು ಕ್ಲಾಸ್, ಮೂರು ನಾಲ್ಕು ವಾರಕ್ಕೊಂದು. ಮೊದಲನೆಯದು ಮೇಷ್ಟ್ರ ರಜೆ ಆದೇಶ. ಎರಡನೆಯದು ಮಳೆ ಇಂಚು ಮತ್ತು ಡ್ಯಾಂ ಮಟ್ಟ, ಅದಕ್ಕೆ ಭಾಗಮಂಡಲದ ಅಜ್ಜಯ್ಯ ಡೈರಿ ತರಬೇಕು. ಮೂರನೆಯದು ಕಾಫಿ ರೇಟು. ಅಪ್ಪಂದಿರೂ ಬರುತ್ತಾರೆ ಅಂತ ಆಸೆ. ಕೊನೆಯದಕ್ಕೆ ಒಂದು ಸರ್ಕಾರಿ ಕಾಗದ ತಗೊಂಡು ಕನ್ನಡದಲ್ಲಿ ಒಂದು ಪುಟ. ಯಾವ ಕಾಗದ ಅನ್ನೋದು ಆವತ್ತಿಗೆ ಊರಲ್ಲಿ ಏನು ಗಲಾಟೆ ಇದೆಯೋ ನೋಡಿಕೊಂಡು. ಲೈನ್ ಮನೆಯ ತಾಯಂದಿರದ್ದು ಬೇರೆಯೇ, ಅಂಗನವಾಡಿಯಲ್ಲಿ.

ಗೋಣಿಚೀಲ

ಮೂರನೇ ಕ್ಲಾಸ್ ಯಾವಾಗ ಬರುತ್ತೆ ಲೆಕ್ಕ ಹಾಕಿದಿರಾ ಅಕ್ಕ? ಹುತ್ತರಿ (ಸುಗ್ಗಿ ಹಬ್ಬ) ಮುಗಿದ ಮೇಲೆ ಕಾಫಿ ಕೊಯ್ಲು ಜೋರು. ಆಗ ಯಾವ ಅಪ್ಪನೂ ಬರಲ್ಲ. ನಾನೂ ಬರಲ್ಲ.

ಲೈಬ್ರರಿ ಅಕ್ಕ

ಹೌದಲ್ಲ. ಹಾಗಾದರೆ ಕಾಫಿ ರೇಟು ಎರಡನೆಯದು, ಹುತ್ತರಿಗೆ ಮೊದಲು. ಮಳೆ ಲೆಕ್ಕ ಮೂರನೆಯದು. ಜನವರಿಯಲ್ಲಿ ಅಳೆಯೋಕೆ ಮಳೆ ಇರಲ್ಲ, ಡೈರಿ ಇದೆಯಲ್ಲ.

ಇಂಚು ಸೆಂಟು

1961ರ ಪುಸ್ತಕ ತರುತ್ತೇನೆ. ಜೀಪ್ ಕಳಿಸಬೇಕು, ನನಗೆ ಮೊಣಕಾಲು ನೋವು.